ಎಂಎಸ್ ಇದೆ, ಎರಡು ಕೋಲು ಹಿಡಿದು ನಡೆಯಬಹುದಾ?

ಪ್ರಶ್ನೆ: ನನಗೆ 39 ವರ್ಷ. ಊರು ಶಿವಮೊಗ್ಗದ ಹತ್ತಿರ, ಈಗ ಇರುವುದು ಜರ್ಮನಿಯ ಮ್ಯೂನಿಕ್‌ನಲ್ಲಿ. ಐದು ವರ್ಷದ ಹಿಂದೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರದ ಕಾಯಿಲೆ ಇದೆ ಅಂತ ಗೊತ್ತಾಯಿತು, ಬಂದು ಹೋಗುವ ಬಗೆಯದು. ಎರಡು ವರ್ಷದಿಂದ ಹೊಸ ರಿಲ್ಯಾಪ್ಸ್, ಅಂದರೆ ಕಾಯಿಲೆ ಮತ್ತೆ ಕೆರಳುವುದು, ಇಲ್ಲ. ಆದರೆ ಒಂದು ಕಿಲೋಮೀಟರ್ ನಡೆದ ಮೇಲೆ ಎಡಗಾಲು ಎಳೆಯಲು ಶುರುವಾಗುತ್ತದೆ, ಎರಡು ಸಲ ಎಡವಿ ಬಿದ್ದಿದ್ದೇನೆ. ಪಕ್ಕದ ಮನೆಯ ಅಜ್ಜಿ ತಮ್ಮ ನಾರ್ಡಿಕ್ ವಾಕಿಂಗ್ (ಎರಡೂ ಕೈಯಲ್ಲಿ ಕೋಲು ಹಿಡಿದು ನಡೆಯುವ ವ್ಯಾಯಾಮ) ಕೋಲುಗಳನ್ನು ಕೊಟ್ಟು ನಡೆ ಅನ್ನುತ್ತಾರೆ. ನ್ಯೂರಾಲಜಿಸ್ಟ್ ಕೂಡ ವ್ಯಾಯಾಮ ಬೇಕೇ ಬೇಕು ಅನ್ನುತ್ತಾರೆ. ಅಮ್ಮ ಮಾತ್ರ ಫೋನಿನಲ್ಲಿ 'ನರದ ಕಾಯಿಲೆ, ದಣಿಬೇಡ, ಈ ವಯಸ್ಸಿಗೇ ಕೋಲು ಹಿಡಿದೆಯಾ' ಅಂತ ಅಳುತ್ತಾರೆ. ದಣಿದರೆ ಕಾಯಿಲೆ ಜಾಸ್ತಿ ಆಗುತ್ತದಾ? ಕೋಲಿಗೆ ಅಭ್ಯಾಸವಾಗಿ ಆಮೇಲೆ ಅದಿಲ್ಲದೆ ನಡೆಯಲು ಆಗದೇ ಹೋದರೆ? ಏಪ್ರಿಲ್‌ನಲ್ಲಿ ಊರಿಗೆ ಬರುತ್ತಿದ್ದೇನೆ, ಅಲ್ಲೂ ಮಾಡಬಹುದಾ?

ಉತ್ತರ: ಮೊದಲು ಅಮ್ಮನ ಪರವಾಗಿ ಒಂದು ಮಾತು. ಅವರು ಹೇಳುತ್ತಿರುವುದು ಅಜ್ಞಾನದ ಮಾತಲ್ಲ, ಒಂದು ಕಾಲಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೇ ಅದನ್ನು ಹೇಳುತ್ತಿದ್ದರು. ಅದಕ್ಕೆ ಕಾರಣವೂ ಇತ್ತು, ಮತ್ತು ಆ ಕಾರಣ ಗೊತ್ತಾದರೆ ನೀವು ಹೇಗೆ ನಡೆಯಬೇಕು ಅನ್ನುವುದು ಅರ್ಧ ಗೊತ್ತಾದ ಹಾಗೆ.

1890ರಲ್ಲಿ ನೀವಿರುವ ಜರ್ಮನಿಯಲ್ಲೇ ವಿಲ್ಹೆಲ್ಮ್ ಊಟ್‌ಹಾಫ್ ಎಂಬ ಕಣ್ಣಿನ ವೈದ್ಯರು ಒಂದು ಸಂಗತಿ ಬರೆದಿಟ್ಟರು. ಎಂಎಸ್ ಇದ್ದ ಕೆಲವರಿಗೆ ನಡೆದು ದಣಿದ ಕೂಡಲೇ ಕಣ್ಣು ಮಂಜಾಗುತ್ತಿತ್ತು, ಸ್ವಲ್ಪ ಕೂತು ಸುಧಾರಿಸಿಕೊಂಡರೆ ಸರಿಹೋಗುತ್ತಿತ್ತು. ಅವರು ದಣಿವೇ ಕಾರಣ ಅಂದುಕೊಂಡರು. ನಿಜವಾದ ಕಾರಣ ಬಿಸಿ ಅಂತ ಆಮೇಲೆ ತಿಳಿಯಿತು. ಎಷ್ಟರ ಮಟ್ಟಿಗೆ ಅಂದರೆ, ಎಂಆರ್‌ಐ ಬರುವ ಮುಂಚೆ ಅನುಮಾನ ಇದ್ದವರನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಲಕ್ಷಣ ಹೊರಬರುತ್ತದಾ ಅಂತ ನೋಡುವ ಪರೀಕ್ಷೆಯೇ ಇತ್ತು. ಹೀಗಾಗಿ ಮೈ ಬಿಸಿಯಾಗುವ ಯಾವ ಕೆಲಸವೂ ಬೇಡ, ಶಕ್ತಿ ಉಳಿಸಿಕೊಳ್ಳಿ ಅನ್ನುವ ಸಲಹೆ ದಶಕಗಳ ಕಾಲ ನಡೆದುಕೊಂಡು ಬಂತು. ಜನ ಉಳಿಸಿಕೊಂಡರು. ಕೂತಲ್ಲೇ ಕೂತು ತೊಡೆ ಸಣ್ಣಗಾಯಿತು, ಮೂಳೆ ಟೊಳ್ಳಾಯಿತು, ಉಸಿರು ಕಡಿಮೆಯಾಯಿತು, ಅದನ್ನೆಲ್ಲ ಎಂಎಸ್ ಲೆಕ್ಕಕ್ಕೇ ಬರೆದರು.

ಇದು ಬದಲಾದದ್ದು 1990ರ ದಶಕದಲ್ಲಿ. 1996ರಲ್ಲಿ ಅಮೆರಿಕದ ಯೂಟಾದಲ್ಲಿ ನಡೆದ ಅಧ್ಯಯನ ಒಂದು ಮೈಲಿಗಲ್ಲು. ಎಂಎಸ್ ಇದ್ದ 54 ಜನರಲ್ಲಿ ಒಂದು ಗುಂಪಿಗೆ 15 ವಾರ, ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸಿದರು. ಅವರ ದಮ್ಮು ಹೆಚ್ಚಾಯಿತು, ಬಲ ಹೆಚ್ಚಾಯಿತು, ಮನಸ್ಸಿನ ಕುಗ್ಗುವಿಕೆ ಕಡಿಮೆಯಾಯಿತು. ಕಾಯಿಲೆ ಕೆರಳಲಿಲ್ಲ. ಇಲ್ಲಿ ನಿಮಗೆ ಬೇಕಾದ ಒಂದು ಸಣ್ಣ ವಿವರ ಇದೆ. ಅವರಿಗೆ ಕೊಟ್ಟದ್ದು ಬರೀ ಕಾಲಿನ ಸೈಕಲ್ ಅಲ್ಲ, ಕೈ ಕಾಲು ಎರಡನ್ನೂ ಒಟ್ಟಿಗೆ ಆಡಿಸುವ ಯಂತ್ರ. ನಿಮ್ಮ ಅಜ್ಜಿ ಕೊಟ್ಟ ಕೋಲು ಮಾಡುವುದೂ ಅದನ್ನೇ ಅಲ್ವಾ. ಆಮೇಲೆ ಎಷ್ಟೋ ಅಧ್ಯಯನಗಳು ಬಂದವು. ವ್ಯಾಯಾಮ ಮಾಡಿದವರಿಗೆ ರಿಲ್ಯಾಪ್ಸ್ ಜಾಸ್ತಿ ಆಗುತ್ತದೆ ಅಂತ ಅವುಗಳಲ್ಲಿ ಕಂಡುಬಂದಿಲ್ಲ. ಇದನ್ನು ಅಮ್ಮನಿಗೆ ಹೇಳಿ.

ಹಾಗಾದರೆ ಒಂದು ಕಿಲೋಮೀಟರ್ ಆದ ಮೇಲೆ ಎಡಗಾಲು ಯಾಕೆ ಸೋಲುತ್ತದೆ? ನೀವು ಮಲೆನಾಡಿನವರು, ತೋಟದ ಕಾಲುವೆ ನೋಡಿದ್ದೀರಿ. ಕಾಲುವೆಯ ಏರಿ ಅಲ್ಲಲ್ಲಿ ಕುಸಿದಿದ್ದರೆ ನೀರು ಹರಿಯುತ್ತದೆ, ಆದರೆ ದಾರಿಯಲ್ಲೇ ಸೋರಿಹೋಗುತ್ತದೆ. ಹತ್ತಿರದ ಗಿಡಗಳಿಗೆ ಏನೂ ಗೊತ್ತಾಗುವುದಿಲ್ಲ, ಕೊನೆಯ ಸಾಲು ಮಾತ್ರ ಒಣಗುತ್ತದೆ. ನರದ ಸುತ್ತ ಇರುವ ಮೈಲಿನ್ ಹೊದಿಕೆಗೂ ಎಂಎಸ್‌ನಲ್ಲಿ ಆಗುವುದು ಇಂಥದ್ದೇ. ಮೆದುಳಿನಿಂದ ಪಾದಕ್ಕೆ ಇರುವ ದಾರಿಯೇ ಅತಿ ಉದ್ದದ್ದು, ಹಾಗಾಗಿ ಪಾದವೇ ಕೊನೆಯ ಸಾಲು. ಹೊದಿಕೆ ಹೋದ ನರ ಬಿಸಿಯನ್ನು ತಡೆಯುವುದಿಲ್ಲ. ಮೈಯ ಒಳಗಿನ ಬಿಸಿ ಅರ್ಧ ಡಿಗ್ರಿ ಏರಿದರೂ ಸಾಕು, ಅಲ್ಲಿ ಸಂದೇಶ ನಿಂತೇಹೋಗಬಹುದು. ನೀವು ನಡೆಯುತ್ತೀರಿ, ಮೈ ಬಿಸಿಯಾಗುತ್ತದೆ, ಸಂದೇಶ ಪದೇ ಪದೇ ಹೋಗಿ ನರವೂ ಸೋಲುತ್ತದೆ, ಪಾದವನ್ನು ಎತ್ತುವ ಮುಂಗಾಲಿನ ಸ್ನಾಯುವಿಗೆ ಆಜ್ಞೆ ತಲುಪುವುದಿಲ್ಲ, ಬೆರಳ ತುದಿ ನೆಲಕ್ಕೆ ತಾಗುತ್ತದೆ. ಮೈ ತಣ್ಣಗಾದರೆ ಮತ್ತೆ ಮೊದಲಿನ ಹಾಗೇ. ನರಕ್ಕೆ ಹೊಸ ಪೆಟ್ಟೇನೂ ಬಿದ್ದಿರುವುದಿಲ್ಲ.

ಇದೇ ಕಾರಣಕ್ಕೆ ನನ್ನ ಹತ್ತಿರ ಬರುವವರಿಗೆ ನಾನು ಮೊದಲು ಹೇಳುವುದು ಕೋಲಿನ ವಿಷಯವನ್ನಲ್ಲ. ನಿಮ್ಮ ಕಾಲು ಯಾವಾಗ ನೆಲವನ್ನು ಕೆರೆಯಲು ಶುರುಮಾಡುತ್ತದೆ ಅನ್ನುವುದನ್ನು ಕೇಳಿಸಿಕೊಳ್ಳಿ ಅಂತ ಹೇಳುತ್ತೇನೆ. ಕೇಳಿಸಿಕೊಳ್ಳಿ ಅಂದರೆ ಕಿವಿಯಿಂದಲೇ. ಜಲ್ಲಿ ದಾರಿಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಮ್ಯೂನಿಕ್‌ನ ಎಂಗ್ಲಿಷರ್ ಗಾರ್ಟನ್ ಉದ್ಯಾನದಲ್ಲೋ ಇಸಾರ್ ನದಿಯ ದಂಡೆಯಲ್ಲೋ ಅಂಥ ದಾರಿಗಳು ಬೇಕಾದಷ್ಟಿವೆ. ಬಲಗಾಲು 'ಟಪ್', ಎಡಗಾಲು 'ಟಪ್' ಅಂತ ಒಂದೇ ಸಮ ಬರುತ್ತಿರುತ್ತದೆ, ಒಂದು ಹೊತ್ತಿಗೆ ಎಡಗಾಲು 'ಸರ್' ಅನ್ನುತ್ತದೆ. ಆ ಮೊದಲ 'ಸರ್' ಬಂದಾಗ ಗಡಿಯಾರ ನೋಡಿ. ಹದಿನಾಲ್ಕು ನಿಮಿಷ ಅಂತ ಇಟ್ಟುಕೊಳ್ಳೋಣ. ನಿಮ್ಮ ವ್ಯಾಯಾಮದ ಅಳತೆಗೋಲು ಅದೇ, ಮೊಬೈಲ್ ತೋರಿಸುವ ಹತ್ತು ಸಾವಿರ ಹೆಜ್ಜೆ ಅಲ್ಲ. ನಿಮ್ಮ ಎಡ ಬೂಟಿನ ಅಟ್ಟೆಯ ಮುಂದಿನ ತುದಿಯನ್ನೂ ಒಮ್ಮೆ ನೋಡಿ, ಬಲದ್ದಕ್ಕಿಂತ ಜಾಸ್ತಿ ಸವೆದಿದ್ದರೆ ನಿಮಗೆ ಗೊತ್ತಾಗುವ ಮುಂಚಿನಿಂದಲೇ ಅದು ಕೆರೆಯುತ್ತಿದೆ ಅಂತ ಅರ್ಥ.

ನಾನೂ ಇದನ್ನು ಕಲಿತದ್ದು ತಪ್ಪು ಮಾಡಿಯೇ. ಫಿಸಿಯೊ ಆಗಿ ಕೆಲಸ ಶುರುಮಾಡಿದ ಹೊಸತರಲ್ಲಿ, ಎಂಎಸ್ ಇದ್ದ ಒಬ್ಬರನ್ನು ನಡೆಸುತ್ತಿದ್ದೆ. ಅವರು ಸಾಕು ಅಂದರು. ನಾನು ಹುರುಪಿನಲ್ಲಿ, ಸಾರ್ ಇನ್ನೊಂದೇ ಸುತ್ತು, ನಿಮ್ಮಿಂದ ಆಗುತ್ತದೆ ಅಂದೆ. ಆ ಸುತ್ತಿನ ಕೊನೆಯಲ್ಲಿ ಕಾಲು ತಡವರಿಸಿ ಬಿದ್ದರು, ಮಣಿಕಟ್ಟಿನ ಮೂಳೆ ಮುರಿಯಿತು. ಅವರು ನನ್ನನ್ನು ಬೈಯಲಿಲ್ಲ, ಅದೇ ಇನ್ನೂ ಕಷ್ಟ. 'ಇನ್ನೊಂದು ಸುತ್ತು' ಅನ್ನುವುದು ಬೇರೆಯವರಿಗೆ ಒಳ್ಳೆಯ ಮಾತು, ಎಂಎಸ್ ಇದ್ದವರಿಗೆ ಅಲ್ಲ. ಕಾಲು ಕೆರೆಯಲು ಶುರುವಾದ ಮೇಲೆ ನಡೆಯುವ ಒಂದೊಂದು ಹೆಜ್ಜೆಯೂ ತಪ್ಪು ನಡಿಗೆಯ ಅಭ್ಯಾಸ.

ಈಗ ಕೋಲಿಗೆ ಬರೋಣ. ಇದರ ಹುಟ್ಟು ಫಿನ್‌ಲ್ಯಾಂಡಿನಲ್ಲಿ. ಅಲ್ಲಿಯ ಸ್ಕೀ ಆಟಗಾರರು ಬೇಸಿಗೆಯಲ್ಲಿ ಹಿಮ ಇಲ್ಲದಾಗ ಅಭ್ಯಾಸ ತಪ್ಪಬಾರದು ಅಂತ ಸ್ಕೀ ಕೋಲು ಹಿಡಿದು ನೆಲದ ಮೇಲೇ ನಡೆಯುತ್ತಿದ್ದರು. 1997ರಲ್ಲಿ ಎಕ್ಸೆಲ್ ಎಂಬ ಅಲ್ಲಿಯದೇ ಕಂಪನಿ ನಡಿಗೆಗೆಂದೇ ಕೋಲು ತಯಾರಿಸಿ ಮಾರುಕಟ್ಟೆಗೆ ಬಿಟ್ಟಿತು, ಅಲ್ಲಿಂದ ಜರ್ಮನಿಗೆ ಹಬ್ಬಿದ್ದು ಕಾಡ್ಗಿಚ್ಚಿನ ಹಾಗೆ. ಅಲ್ಲಿ ಕೋಲು ಹಿಡಿದು ನಡೆಯುವವರನ್ನು ಕಂಡರೆ 'ಸ್ಕೀ ಮನೆಯಲ್ಲೇ ಮರೆತು ಬಂದಿರಾ' ಅಂತ ತಮಾಷೆ ಮಾಡುವುದು ಹಳೆಯ ರೂಢಿ, ನಿಮಗೂ ಯಾರಾದರೂ ಹೇಳಿದರೆ ಕಾಯಿಲೆಯ ಬಗ್ಗೆ ಆಡಿದರು ಅಂದುಕೊಳ್ಳಬೇಡಿ.

ಊರುಗೋಲಿಗೂ ಇದಕ್ಕೂ ವ್ಯತ್ಯಾಸ ಇರುವುದು ಕೋಲು ಎಲ್ಲಿ ನೆಲಕ್ಕೆ ತಾಗುತ್ತದೆ ಅನ್ನುವುದರಲ್ಲಿ. ಊರುಗೋಲು ದೇಹದ ಮುಂದೆ ಅಥವಾ ಪಕ್ಕಕ್ಕೆ ನೇರವಾಗಿ ನಿಲ್ಲುತ್ತದೆ, ನಿಮ್ಮ ಭಾರ ಅದರ ಮೇಲೆ ಬೀಳುತ್ತದೆ. ನಾರ್ಡಿಕ್ ಕೋಲು ಯಾವಾಗಲೂ ಹಿಂದಕ್ಕೆ ವಾಲಿರಬೇಕು. ಮುಂದಿಟ್ಟ ಪಾದದ ಹಿಮ್ಮಡಿಗಿಂತ ಹಿಂದೆಯೇ ಅದರ ತುದಿ ನೆಲಕ್ಕೆ ಕಚ್ಚಬೇಕು, ನೀವು ಅದನ್ನು ಹಿಂದಕ್ಕೆ ಒತ್ತಿದಾಗ ದೇಹ ಮುಂದಕ್ಕೆ ಹೋಗಬೇಕು, ದೋಣಿಯವನು ಗಳ ಹಾಕಿ ಒತ್ತಿದ ಹಾಗೆ. ಕೈ ಸೊಂಟ ದಾಟಿ ಹಿಂದೆ ಹೋಗಬೇಕು, ಅಲ್ಲಿ ಬೆರಳು ಬಿಡಿಸಬೇಕು. ಬೆರಳು ಬಿಟ್ಟರೂ ಕೋಲು ಬೀಳುವುದಿಲ್ಲ, ಅಂಗೈಗೆ ಕೈಗವಸಿನ ಹಾಗೆ ಕಟ್ಟಿಕೊಳ್ಳುವ ಪಟ್ಟಿ ಹಿಡಿದಿರುತ್ತದೆ. ಬಲ ಹೋಗುವುದು ಆ ಪಟ್ಟಿಯ ಮೂಲಕವೇ ಹೊರತು ಮುಷ್ಟಿಯಿಂದ ಅಲ್ಲ, ಹಾಗಾಗಿ ಬೆರಳು ಜೋಮು ಹಿಡಿಯುವವರಿಗೂ ಇದು ಆಗುತ್ತದೆ. ಟ್ರೆಕ್ಕಿಂಗ್ ಕೋಲಿನಲ್ಲಿ ಈ ಬಗೆಯ ಪಟ್ಟಿ ಇರುವುದಿಲ್ಲ, ಎರಡೂ ಒಂದೇ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ.

ಇದರಿಂದ ಎಂಎಸ್ ಇದ್ದವರಿಗೆ ಏನು ಲಾಭ ಅಂದರೆ, ಸಾಮಾನ್ಯವಾಗಿ ಕಾಲಿಗಿಂತ ಕೈ ಚೆನ್ನಾಗಿರುತ್ತದೆ. ಮುಂದೆ ಹೋಗುವ ಕೆಲಸದಲ್ಲಿ ತೋಳು, ಭುಜ, ಬೆನ್ನು ಪಾಲು ತೆಗೆದುಕೊಳ್ಳುತ್ತವೆ. ಬೀಳುವ ಭಯದಲ್ಲಿ ಎಷ್ಟೋ ಜನ ಕೈ ಆಡಿಸದೆ, ಮೈ ಬಿಗಿ ಹಿಡಿದು, ನೆಲ ನೋಡಿಕೊಂಡು, ಕಾಲು ಅಗಲಿಸಿ ಸಣ್ಣ ಹೆಜ್ಜೆ ಹಾಕುತ್ತಿರುತ್ತಾರೆ. ಕೋಲು ಕೊಟ್ಟ ಕೂಡಲೇ ತಲೆ ಮೇಲೆ ಏಳುತ್ತದೆ, ಹೆಜ್ಜೆ ಉದ್ದವಾಗುತ್ತದೆ. ಇದು ನಾನು ಕಣ್ಣಾರೆ ಕಾಣುವುದು, ನೋಡಲು ಖುಷಿಯಾಗುತ್ತದೆ. ಹಾಗಂತ ಜಾಹೀರಾತಿನಲ್ಲಿ ಬರುವ 'ಮೈಯ ಶೇಕಡಾ 90 ಸ್ನಾಯುಗಳು ಕೆಲಸ ಮಾಡುತ್ತವೆ' ಎಂಬಂಥ ಮಾತಿಗೆ ಸುಮ್ನೆ ತಲೆ ಆಡಿಸಬೇಡಿ. ಎಂಎಸ್ ಮತ್ತು ನಾರ್ಡಿಕ್ ವಾಕಿಂಗ್ ಬಗ್ಗೆಯೇ ನಡೆದ ಅಧ್ಯಯನಗಳು ಕಡಿಮೆ, ಇರುವವೂ ಸಣ್ಣವು. ಪಾರ್ಕಿನ್‌ಸನ್ ಇದ್ದವರ ಮೇಲೆ ನಡೆದದ್ದು ಇದಕ್ಕಿಂತ ಜಾಸ್ತಿ. ನಾನು ಇದನ್ನು ಹೇಳುವುದು ವ್ಯಾಯಾಮ ಒಳ್ಳೆಯದು ಅನ್ನುವುದಕ್ಕೆ ಗಟ್ಟಿ ಆಧಾರ ಇದೆ, ಮತ್ತು ಇದು ಜನ ಬಿಡದೆ ಮುಂದುವರಿಸುವ ವ್ಯಾಯಾಮ ಅನ್ನುವ ಕಾರಣಕ್ಕೆ.

ಒಂದು ಎಚ್ಚರಿಕೆ ಮಾತ್ರ ಯಾರೂ ಹೇಳುವುದಿಲ್ಲ. ಅಮೆರಿಕದ ಡಲ್ಲಾಸ್‌ನ ಕೂಪರ್ ಇನ್‌ಸ್ಟಿಟ್ಯೂಟ್‌ನವರು 2002ರಲ್ಲಿ ಅಳೆದು ನೋಡಿದಾಗ, ಕೋಲು ಹಿಡಿದು ನಡೆದವರ ದೇಹ ಬರಿಗೈ ನಡಿಗೆಗಿಂತ ಸರಾಸರಿ ಶೇಕಡಾ 20ರಷ್ಟು ಜಾಸ್ತಿ ಕೆಲಸ ಮಾಡಿತ್ತು, ಆದರೆ ನಡೆದವರಿಗೆ ಅಷ್ಟು ಜಾಸ್ತಿ ದಣಿವು ಅನ್ನಿಸಿರಲಿಲ್ಲ. ತೂಕ ಇಳಿಸುವವರಿಗೆ ಇದು ಸಿಹಿ ಸುದ್ದಿ. ನಿಮಗೆ ಅರ್ಧ ಸಿಹಿ. ಜಾಸ್ತಿ ಕೆಲಸ ಅಂದರೆ ಜಾಸ್ತಿ ಬಿಸಿ, ಅದೂ ನಿಮಗೆ ಗೊತ್ತೇ ಆಗದ ಹಾಗೆ. ಆದ್ದರಿಂದ ಕೋಲು ಸಿಕ್ಕಿತು ಅಂತ ಮೊದಲ ದಿನವೇ ವೇಗ ಏರಿಸಬೇಡಿ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು.

ಅಜ್ಜಿಯ ಕೋಲಿನ ಉದ್ದ ನೋಡಿದ್ದೀರಾ? ನಿಮ್ಮ ಎತ್ತರವನ್ನು ಸೆಂಟಿಮೀಟರಿನಲ್ಲಿ 0.68ರಿಂದ ಗುಣಿಸಿ. 160 ಸೆಂ.ಮೀ. ಇದ್ದರೆ 108.8 ಬರುತ್ತದೆ. ಒಂದೇ ಅಳತೆಯ ಕೋಲುಗಳು 5 ಸೆಂ.ಮೀ. ಅಂತರದಲ್ಲಿ ಸಿಗುತ್ತವೆ, ಹೊಸಬರು ಚಿಕ್ಕದ್ದನ್ನೇ ಆರಿಸಬೇಕು, ಅಂದರೆ 105. ಜರ್ಮನ್ ಅಜ್ಜಿ ನಿಮಗಿಂತ ಗೇಣುದ್ದ ಎತ್ತರ ಇದ್ದರೆ ಅವರ ಕೋಲು ನಿಮಗೆ ಭುಜನೋವು ತರುತ್ತದೆ, ಪ್ರೀತಿಯಿಂದ ವಾಪಸ್ ಕೊಟ್ಟುಬಿಡಿ. ಹಿಡಿಯಲ್ಲಿ ಎಡ, ಬಲ ಅಂತ ಗುರುತು ಇರುತ್ತದೆ. ಡಾಂಬರಿನ ಮೇಲೆ ನಡೆಯುವಾಗ ತುದಿಗೆ ರಬ್ಬರ್ ಬೂಟು ಹಾಕಿ, ಅದರ ಮೂತಿ ಹಿಂದಕ್ಕೆ ನೋಡುತ್ತಿರಬೇಕು. ಮಣ್ಣು, ಜಲ್ಲಿಯಲ್ಲಿ ಅದನ್ನು ತೆಗೆದು ಲೋಹದ ತುದಿಯಲ್ಲೇ ನಡೆಯಿರಿ. ನೀವು ಈಗಾಗಲೇ ಎರಡು ಸಲ ಬಿದ್ದಿರುವುದರಿಂದ ಪಟ್ಟಿಯನ್ನು ಒಂದು ಗುಂಡಿ ಒತ್ತಿ ಬಿಡಿಸಿಕೊಳ್ಳುವ ಬಗೆಯ ಕೋಲು ಒಳ್ಳೆಯದು. ಬೀಳುವಾಗ ಕೋಲು ಕೈಗೆ ಸಿಕ್ಕಿಕೊಂಡಿದ್ದರೆ ಹೆಬ್ಬೆರಳಿನ ಬುಡದ ಕಟ್ಟು (ಲಿಗಮೆಂಟ್) ಹರಿಯಬಹುದು, ಸ್ಕೀ ಆಡುವವರಿಗೆ ತುಂಬ ಸಾಮಾನ್ಯವಾದ ಪೆಟ್ಟು ಇದು.

ಕಲಿಯುವುದು ಹೀಗೆ. ಮೊದಲ ಎರಡು ಮೂರು ದಿನ ಕೋಲಿನಿಂದ ಏನೂ ಮಾಡಬೇಡಿ. ಪಟ್ಟಿ ಕಟ್ಟಿಕೊಂಡು, ಮುಷ್ಟಿ ಬಿಟ್ಟು, ಕೋಲುಗಳನ್ನು ಹಿಂದೆ ಎಳೆದುಕೊಂಡು ಸುಮ್ನೆ ನಡೆಯಿರಿ. ಕೈ ತನ್ನಷ್ಟಕ್ಕೆ ಬೀಸಲಿ. ಸ್ವಲ್ಪ ಹೊತ್ತಿನಲ್ಲಿ ಬಲಗಾಲಿಗೆ ಎಡಗೈ, ಎಡಗಾಲಿಗೆ ಬಲಗೈ ಅಂತ ತಾನೇ ಹೊಂದಿಕೊಳ್ಳುತ್ತದೆ, ಆಗ ತುದಿ ಎಲ್ಲಿ ನೆಲ ಹಿಡಿಯುತ್ತದೋ ಅಲ್ಲಿಂದ ಮೆಲ್ಲಗೆ ಒತ್ತಲು ಶುರುಮಾಡಿ. ತಲೆಯಲ್ಲಿ ಲೆಕ್ಕ ಹಾಕುತ್ತಾ ನಡೆದರೆ ಒಂದೇ ಕಡೆಯ ಕೈ ಕಾಲು ಒಟ್ಟಿಗೆ ಮುಂದೆ ಹೋಗಿ ಒಂಟೆ ನಡೆದ ಹಾಗಾಗುತ್ತದೆ. ಎಲ್ಲರಿಗೂ ಆಗುತ್ತದೆ, ನಕ್ಕು ನಿಂತು ಮತ್ತೆ ಎಳೆಯುವುದರಿಂದ ಶುರುಮಾಡಿ. ಈ ದಿನಗಳಲ್ಲಿ ಫೋನು, ಹಾಡು, ಹರಟೆ ಬೇಡ. ಎಂಎಸ್‌ನಲ್ಲಿ ಎರಡು ಕೆಲಸ ಒಟ್ಟಿಗೆ ಮಾಡುವಾಗ ನಡಿಗೆಯೇ ಮೊದಲು ಕೆಡುವುದು.

ಇನ್ನು ಎಷ್ಟು ಹೊತ್ತು? ಇಲ್ಲಿಗೇ ಆ 'ಸರ್' ಸದ್ದು ಬೇಕಾಗಿರುವುದು. ಅದು ಹದಿನಾಲ್ಕನೇ ನಿಮಿಷಕ್ಕೆ ಬರುತ್ತದೆ ಅಂತಾದರೆ ನೀವು ಹದಿನಾಲ್ಕರವರೆಗೆ ಹೋಗಬಾರದು. ಐದಾರು ನಿಮಿಷ ನಡೆದು ನಿಲ್ಲಿ. ಬೆಂಚಿದ್ದರೆ ಕೂರಿ. ಎರಡು ಮೂರು ನಿಮಿಷ ಬಿಟ್ಟು ಮತ್ತೆ ಐದಾರು ನಿಮಿಷ. ಇಂಥ ಮೂರು ತುಂಡಿನಿಂದ ಶುರುಮಾಡಿ, ವಾರಕ್ಕೆ ಮೂರು ದಿನ, ಒಂದು ದಿನ ಬಿಟ್ಟು ಒಂದು ದಿನ. ತುಂಡು ಮಾಡಿ ನಡೆಯುವುದು ಸೋಮಾರಿತನ ಅಂತ ಅನ್ನಿಸಬಹುದು. ಅಮೆರಿಕದ ಒಂದು ಸಣ್ಣ ಅಧ್ಯಯನದಲ್ಲಿ ಎಂಎಸ್ ಇದ್ದವರನ್ನು ಒಮ್ಮೆ ಆರು ನಿಮಿಷ ಒಂದೇ ಸಮ ನಡೆಸಿದರು, ಇನ್ನೊಮ್ಮೆ ಎರಡೆರಡು ನಿಮಿಷದ ಮೂರು ತುಂಡಾಗಿ ನಡುವೆ ಕೂರಿಸಿ ನಡೆಸಿದರು. ನಡೆದ ಸಮಯ ಎರಡರಲ್ಲೂ ಆರೇ ನಿಮಿಷ. ತುಂಡು ಮಾಡಿದಾಗ ಹೋದ ದೂರ ಜಾಸ್ತಿ, ದಣಿವು ಕಡಿಮೆ. ಹೀಗೆ ಎರಡು ವಾರ ಮಾಡಿ, ಆಮೇಲೆ ಒಂದು ತುಂಡು ಸೇರಿಸಿ. ತುಂಡನ್ನು ಉದ್ದ ಮಾಡುವುದು ಅದಕ್ಕೂ ಆಮೇಲೆ. ಒಟ್ಟು ನಡಿಗೆ ಅರ್ಧ ಗಂಟೆ ಮುಟ್ಟಿದರೆ ಸದ್ಯಕ್ಕೆ ಸಾಕು. ಕೆನಡಾದವರು 2013ರಲ್ಲಿ ಎಂಎಸ್ ಇದ್ದವರಿಗೆಂದೇ ಹೊರತಂದ ಸಲಹೆಯಲ್ಲಿ ವಾರಕ್ಕೆ ಎರಡು ದಿನ ಅರ್ಧ ಅರ್ಧ ಗಂಟೆ ಇಂಥ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಕ್ಕೆ ವ್ಯಾಯಾಮ ಅಂತ ಇದೆ, ಅಷ್ಟೇ.

ಆ ಎರಡನೆಯದನ್ನು ಬಿಡಬೇಡಿ. ನಾರ್ಡಿಕ್ ವಾಕಿಂಗ್ ಮಾಡುವವರು ಎಲ್ಲವೂ ಇದರಲ್ಲೇ ಆಯಿತು ಅಂದುಕೊಳ್ಳುತ್ತಾರೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳುವುದು, ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಒರಗಿ ನಿಂತು ಕಾಲ್ಬೆರಳುಗಳನ್ನು ಮೇಲಕ್ಕೆ ಎತ್ತುವುದು, ತೊಡೆಯನ್ನು ಸೊಂಟದ ಮಟ್ಟಕ್ಕೆ ಎತ್ತುವುದು. ಈ ಕೊನೆಯದು ನಿಮಗೆ ಬಹಳ ಮುಖ್ಯ. ಕಾಲು ಎಳೆಯುವುದಕ್ಕೆ ಎಲ್ಲರೂ ಪಾದವನ್ನೇ ದೂರುತ್ತಾರೆ, ಎಷ್ಟೋ ಸಲ ತಪ್ಪು ಸೊಂಟದ ಮುಂದಿನ ಸ್ನಾಯುವಿನದ್ದಾಗಿರುತ್ತದೆ.

ಮತ್ತು ಕೋಲು ಏನು ಮಾಡುವುದಿಲ್ಲ ಅನ್ನುವುದೂ ಗೊತ್ತಿರಲಿ. ಕೋಲು ನಿಮ್ಮ ಕಾಲ್ಬೆರಳ ತುದಿಯನ್ನು ಎತ್ತುವುದಿಲ್ಲ. ಇಷ್ಟೆಲ್ಲ ಮಾಡಿಯೂ ಕಾಲು ಬೇಗನೇ ಕೆರೆಯುತ್ತಿದ್ದರೆ ನ್ಯೂರಾಲಜಿಸ್ಟ್ ಹತ್ತಿರ ಮೂರು ವಿಷಯ ಕೇಳಿ. ಪಾದವನ್ನು ಎತ್ತಿ ಹಿಡಿಯುವ ಹಗುರವಾದ ಎಎಫ್‌ಒ ಪಟ್ಟಿ ಬೇಕಾ, ಮೊಣಕಾಲ ಕೆಳಗೆ ಕಟ್ಟಿಕೊಂಡರೆ ಹೆಜ್ಜೆ ಹೆಜ್ಜೆಗೂ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟು ಪಾದ ಎತ್ತಿಸುವ ಯಂತ್ರ ನಿಮಗೆ ಹೊಂದುತ್ತದಾ, ಮತ್ತು ಫ್ಯಾಂಪ್ರಿಡೀನ್ ಮಾತ್ರೆ. ಈ ಮಾತ್ರೆ ಹೊದಿಕೆ ಹೋದ ನರದಲ್ಲಿ ಸಂದೇಶ ಸೋರುವುದನ್ನು ಸ್ವಲ್ಪ ತಡೆಯುತ್ತದೆ, ಎಲ್ಲರಿಗೂ ಕೆಲಸ ಮಾಡುವುದಿಲ್ಲ, ಫಿಟ್ಸ್ ಬಂದಿದ್ದವರಿಗೆ ಕೊಡುವುದಿಲ್ಲ. ಇವು ಯಾವುವೂ ಸೋಲು ಒಪ್ಪಿಕೊಂಡ ಹಾಗಲ್ಲ. ಎಎಫ್‌ಒ ಪಟ್ಟಿ ಹಾಕಿಕೊಂಡೇ ಕೋಲು ಹಿಡಿದು ನಡೆಯುವವರು ಇದ್ದಾರೆ.

ಅಭ್ಯಾಸವಾಗಿಬಿಟ್ಟರೆ ಅನ್ನುವ ನಿಮ್ಮ ಭಯಕ್ಕೆ ಉತ್ತರ ಮೇಲೆಯೇ ಬಂದಿದೆ. ಭಾರ ಹಾಕಿದರೆ ಕಾಲು ಕೆಲಸ ಬಿಡುತ್ತದೆ, ಒತ್ತಿದರೆ ಬಿಡುವುದಿಲ್ಲ. ನೀವೇ ಪರೀಕ್ಷೆ ಮಾಡಿಕೊಳ್ಳಿ. ನಡೆದ ಮೇಲೆ ಅಂಗೈ ನಡುವೆ ಕೆಂಪಾಗಿ, ಭುಜ ಕಿವಿಯ ಕಡೆ ಏರಿದ್ದರೆ ನೀವು ಊರುತ್ತಿದ್ದೀರಿ. ತೋಳಿನ ಹಿಂಭಾಗ ಹಿಡಿದುಕೊಂಡಿದ್ದರೆ ಒತ್ತುತ್ತಿದ್ದೀರಿ. ದಣಿದ ದಿನ ಊರಿದರೂ ಪರವಾಗಿಲ್ಲ ಬಿಡಿ, ಬೀಳುವುದಕ್ಕಿಂತ ಅದು ಎಷ್ಟೋ ವಾಸಿ. ಮನೆಯೊಳಗೆ, ಅಂಗಡಿಗೆ ಹೋಗುವಾಗ ಕೋಲು ಬೇಡ. ನೂರು ಮೀಟರ್ ನಡೆಯಲೂ ಕೋಲು ಬೇಕೇ ಬೇಕು ಅನ್ನುವ ಹಂತದಲ್ಲಿ ಇರುವವರಿಗೆ ನಾನು ಹೇಳಿದ ಈ ವಿಧಾನ ಅಲ್ಲ, ಅವರು ಫಿಸಿಯೊ ಪಕ್ಕದಲ್ಲಿದ್ದಾಗಲೇ ಬೇರೆ ರೀತಿಯಲ್ಲಿ ಶುರುಮಾಡಬೇಕು.

ದಣಿವು ಎಷ್ಟಿದ್ದರೆ ಸರಿ ಅಂತ ತಿಳಿಯಲು ನಾಳೆಯನ್ನು ನೋಡಿ. ಸಂಜೆ ದಣಿವು ಇದ್ದು ಬೆಳಿಗ್ಗೆ ಹೋಗಿದ್ದರೆ ಸರಿಯಾಗಿದೆ. ಮಾರನೇ ದಿನವೂ ಹಾಸಿಗೆ ಬಿಟ್ಟು ಏಳಲು ಆಗದಿದ್ದರೆ ಮುಂದಿನ ಸಲ ಒಂದು ತುಂಡು ಕಡಿಮೆ. ನಡೆಯುವಾಗ ಕಣ್ಣು ಮಂಜಾಗಿ, ಕಾಲು ಜೋಮು ಹಿಡಿದು, ನೆರಳಲ್ಲಿ ಕೂತು ಮೈ ತಣ್ಣಗಾದಾಗ ಹೋದರೆ ಅದು ಊಟ್‌ಹಾಫ್ ಕಂಡದ್ದೇ, ಹೆದರಬೇಡಿ. ಹೊಸದೊಂದು ಲಕ್ಷಣ ಬಂದು ಜ್ವರ, ಸೋಂಕು ಏನೂ ಇಲ್ಲದೆ 24 ಗಂಟೆ ದಾಟಿದರೆ ಮಾತ್ರ ರಿಲ್ಯಾಪ್ಸ್ ಇರಬಹುದು, ಡಾಕ್ಟರಿಗೆ ಫೋನ್ ಮಾಡಿ. ರಿಲ್ಯಾಪ್ಸ್ ನಡೆಯುತ್ತಿರುವಾಗ, ಜ್ವರ ಇದ್ದಾಗ, ಮೂತ್ರದ ಸೋಂಕು ಆದಾಗ ಕೋಲು ಮೂಲೆಯಲ್ಲಿರಲಿ. ಮೂತ್ರ ಅಂದಾಗ ನೆನಪಾಯಿತು, ದಾರಿಯಲ್ಲಿ ಅವಸರವಾಗುತ್ತದೆ ಅಂತ ಹೆದರಿ ನೀರು ಕುಡಿಯದೆ ಹೊರಡುವವರು ಬಹಳ. ಹಾಗೆ ಮಾಡಬೇಡಿ, ಶೌಚಾಲಯ ಇರುವ ದಾರಿ ಆರಿಸಿಕೊಳ್ಳಿ. ಎಂಗ್ಲಿಷರ್ ಗಾರ್ಟನ್‌ನ ಚೀನೀ ಗೋಪುರದ ಹತ್ತಿರ ಬಿಯರ್ ಗಾರ್ಡನ್ ಇದೆಯಲ್ಲ, ಬಿಯರ್ ಕುಡಿಯದವರಿಗೂ ಅದರಿಂದ ಉಪಯೋಗ ಇದೆ.

ಜರ್ಮನಿಯಲ್ಲಿ ಇರುವುದರಿಂದ ನಿಮಗೆ ಒಂದು ಅನುಕೂಲವೂ ಇದೆ. ಆರೋಗ್ಯ ವಿಮೆಯವರು ಒಪ್ಪಿದ ನಾರ್ಡಿಕ್ ವಾಕಿಂಗ್ ಕೋರ್ಸುಗಳಿಗೆ ಖರ್ಚಿನ ಒಂದು ಭಾಗ ವಾಪಸ್ ಕೊಡುತ್ತಾರೆ, ಡಾಕ್ಟರು ಬರೆದುಕೊಟ್ಟರೆ ರೆಹಾಸ್ಪೋರ್ಟ್ ಎಂಬ ಚಿಕಿತ್ಸಾ ವ್ಯಾಯಾಮದ ಗುಂಪಿಗೂ ಸೇರಬಹುದು. ಅಲ್ಲಿಯ ಎಂಎಸ್ ಸಂಘ ಡಿಎಂಎಸ್‌ಜಿಯ ಸ್ಥಳೀಯ ಶಾಖೆಯಲ್ಲಿ ವಿಚಾರಿಸಿ. ಯೂಟ್ಯೂಬ್ ನೋಡಿ ಕಲಿಯುವುದಕ್ಕಿಂತ ಎರಡು ತರಗತಿ ಮೇಲು, ಕೋಲು ಮುಂದೆ ಬೀಳುತ್ತಿದೆ ಅಂತ ನಮಗೇ ಗೊತ್ತಾಗುವುದಿಲ್ಲ. ಶರತ್ಕಾಲದ ಒದ್ದೆ ಎಲೆಗಳ ಮೇಲೆ ಮತ್ತು ಹಿಮಗಟ್ಟಿದ ದಿನ ಹೊರಗೆ ಹೋಗಬೇಡಿ.

ಏಪ್ರಿಲ್‌ನ ಶಿವಮೊಗ್ಗ ಬೇರೆಯೇ ಕಥೆ. 35 ಡಿಗ್ರಿ ದಾಟುವ ಬಿಸಿಲಲ್ಲಿ ನಿಮ್ಮ ಹದಿನಾಲ್ಕು ನಿಮಿಷ ಏಳಾಗಬಹುದು. ಕಾಯಿಲೆ ಜಾಸ್ತಿಯಾಯಿತು ಅಂತ ಅಮ್ಮನೂ ನೀವೂ ಸೇರಿ ಗಾಬರಿಯಾಗಬೇಡಿ, ಅದು ಹವೆಯ ಲೆಕ್ಕ. ಬೆಳಿಗ್ಗೆ ಆರಕ್ಕೆ ಹೊರಡಿ. ಆ ಹೊತ್ತಿಗೆ ಹವೆಯೂ ತಂಪು, ಮೈಯ ಒಳಗಿನ ಬಿಸಿಯೂ ದಿನದ ಬೇರೆ ಹೊತ್ತಿಗಿಂತ ಕಡಿಮೆ. ಹೊರಡುವ ಮುಂಚೆ ಫ್ರಿಜ್ಜಿನ ನೀರು ಕುಡಿಯಿರಿ, ನಡುನಡುವೆಯೂ ಕುಡಿಯಿರಿ. ಎಂಎಸ್ ಇದ್ದವರು ಬಿಸಿಯಲ್ಲಿ ಸೈಕಲ್ ತುಳಿಯುವಾಗ ಐಸಿನಷ್ಟು ತಣ್ಣಗಿನ ನೀರು ಕುಡಿದರೆ, ಬೆಚ್ಚಗಿನ ನೀರು ಕುಡಿದಾಗಿನದಕ್ಕಿಂತ ಜಾಸ್ತಿ ಹೊತ್ತು ತುಳಿದದ್ದು ದಾಖಲಾಗಿದೆ. ಗಂಟಲು ಕಟ್ಟುತ್ತದೆ ಅಂತ ಅಮ್ಮ ಹೇಳಿಯೇ ಹೇಳುತ್ತಾರೆ, ಈ ಒಂದು ವಿಷಯದಲ್ಲಿ ಅವರ ಮಾತು ಕೇಳಬೇಡಿ. ಕುತ್ತಿಗೆಗೆ ಒದ್ದೆ ಟವೆಲ್ ಸುತ್ತಿಕೊಳ್ಳಿ.

ಇನ್ನೊಂದು, ಊರ ಬಚ್ಚಲು. ಹಂಡೆಯ ಸುಡುನೀರಲ್ಲಿ ಎಣ್ಣೆಸ್ನಾನ ಮಾಡಿ ಎದ್ದಾಗ ಕಾಲು ನೂಲಿನ ಹಾಗಾಗುತ್ತದೆ ಅಂತ ಎಂಎಸ್ ಇದ್ದ ನಮ್ಮ ಕಡೆಯವರು ಎಷ್ಟೋ ಜನ ಹೇಳಿದ್ದಾರೆ. ಹಿಂದೆ ಡಾಕ್ಟರುಗಳು ತೊಟ್ಟಿಯಲ್ಲಿ ಕೂರಿಸಿ ಮಾಡುತ್ತಿದ್ದ ಪರೀಕ್ಷೆಯನ್ನು ನಾವು ಹಬ್ಬ ಹಬ್ಬಕ್ಕೂ ಮನೆಯಲ್ಲೇ ಮಾಡಿಕೊಳ್ಳುತ್ತೇವೆ. ಮೇಲಿಂದ ಎಣ್ಣೆ ಜಾರುವ ಕಲ್ಲು. ಉಗುರುಬೆಚ್ಚಗಿನ ನೀರು, ಕೂರಲು ಸ್ಟೂಲು, ಮತ್ತು ಸ್ನಾನ ಆದ ಕೂಡಲೇ ನಡಿಗೆ ಬೇಡ.

ಕೋಲುಗಳನ್ನು ವಿಮಾನದಲ್ಲಿ ಕೈಯಲ್ಲಿ ತರಲು ಹೋಗಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ. ಮಡಚುವ ಕೋಲಾದರೆ ಸುಲಭ. ಊರಿನಲ್ಲಿ ರಸ್ತೆ ಬದಿಗಿಂತ ಕಾಲೇಜು ಮೈದಾನ ವಾಸಿ, ಬೆಳಗಿನ ವಾಕಿಂಗ್ ಮಂದಿ ಹೇಗೂ ಇರುತ್ತಾರೆ, ಮೊದಲ ದಿನ ಏನಮ್ಮಾ ಇದು ಅಂತ ಕೇಳುತ್ತಾರೆ, ಮೂರನೇ ದಿನಕ್ಕೆ ಒಂದು ಸುತ್ತು ನಾವೂ ನೋಡೋಣ ಕೊಡಿ ಅನ್ನುತ್ತಾರೆ. ಬೀದಿನಾಯಿಗಳಿಗೆ ಮಾತ್ರ ಕೋಲು ಅಂದರೆ ಹೊಡೆಯಲು ಬಂದವರು ಅಂತಲೇ ಅರ್ಥ. ನಾಯಿ ಬೊಗಳಿದರೆ ಓಡಲೂ ಬೇಡಿ, ಕೋಲು ಬೀಸಲೂ ಬೇಡಿ, ಎರಡನ್ನೂ ಕಾಲಿಗೆ ಒತ್ತಿ ನಿಲ್ಲಿಸಿಕೊಂಡು ಅದು ಹೋಗುವವರೆಗೆ ನಿಂತುಬಿಡಿ. ಹೇಗೂ ನಿಮಗೆ ಐದಾರು ನಿಮಿಷಕ್ಕೊಮ್ಮೆ ನಿಲ್ಲಬೇಕಲ್ಲ.